ಬಸ್ತಿಗೆ ಹೋದ ಬಸ್ತ್ಯಾಂವ

ಪರದೇಶಕ್ಕೆ ಹೋಗಿಬಂದ ಪಾದ್ರಿ
ಮೊಬೈಲಿನಲ್ಲಿ ತೋರಿಸಿದರು:
ಕತ್ತು ನೋಯುವಷ್ಟು ಎತ್ತರದ ಇಗರ್ಜಿ, ಅದರ ನೆಲದಡಿ
ಸಾಲುಸಾಲು ಅರಸರು, ಅವರ ರಾಣಿಯರು,
ಹಾಸುಗಲ್ಲಿನ ಮೇಲೆ ಹೆಸರು,
ಹೆಸರಿನ ಮೇಲೆ ಟಿಕೆಟು ಕೊಂಡವರ ಬೂಟು.
'ನೋಡು ಬಸ್ತ್ಯಾಂವ, ನಿನ್ನ ಕಸುಬಿನವರು
ಅಲ್ಲಿ ಎಂಥ ಗುಂಡಿ ತೋಡಿದ್ದಾರೆ!'

ನಾನು ನೋಡಿದ್ದು ಅಂಚು.
ನಲವತ್ತೊಂದು ವರ್ಷ ಹೊನ್ನಾವರದ ಚಿರೆಕಲ್ಲಿಗೆ
ಪಿಕಾಸಿ ಹಾಕಿದವನು ಮೊದಲು ಅಂಚು ನೋಡುತ್ತಾನೆ.
ಜುಲೈಯಲ್ಲಿ ಗುಂಡಿಯೊಳಗೇ ಒರತೆ ಏಳುತ್ತದೆ,
ಪೆಟ್ಟಿಗೆ ಬರುವ ತನಕ ಬಕೆಟಿನಲ್ಲಿ ಮೊಗೆಯಬೇಕು;
ಮಗ್ಗುಲು ಕುಸಿದರೆ ಮನೆಯವರು
ಸತ್ತವರನ್ನು ಬಿಟ್ಟು ನನ್ನನ್ನು ನೋಡುತ್ತಾರೆ.

ನಮ್ಮ ಕಡೆ ರಾಣಿಯರು ಇರಲಿಲ್ಲವೆ?
ಇದ್ದಳಲ್ಲ, ಗೇರುಸೊಪ್ಪೆಯಲ್ಲಿ, ಮೆಣಸಿನ ರಾಣಿ.
ಬುಧವಾರ ಯಾರೂ ಸಾಯಲಿಲ್ಲ. ಬಸ್ಸು ಹತ್ತಿದೆ.

ಶರಾವತಿ ದಾಟಿಸಿದ ದೋಣಿಯವನು ಮಾತಾಡಲಿಲ್ಲ.
ಮೇಲೆ ಅಣೆಕಟ್ಟಿನಲ್ಲಿ ನೀರು ಬಿಡುವ ಹೊತ್ತು,
ಅವನ ಕಣ್ಣೆಲ್ಲ ಅಲ್ಲೇ.
ಆಚೆ ದಡದಲ್ಲಿ ಕಾಡು, ಕಾಡಿನೊಳಗೆ ಬಸ್ತಿ:
ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು,
ಒಬ್ಬನೇ ನಾಲ್ಕು ಕಡೆ ಕೂತಂತೆ ನಾಲ್ವರು.
ಮೇಣದ ವಾಸನೆಯಿಲ್ಲ. ಬಾವಲಿಯದು ಇತ್ತು.
ಯಾವ ಬಾಗಿಲಿಗೆ ಹೋದರೂ
ನನಗಾಗಿಯೇ ಕಾದಿದ್ದ ಮುಖ.

ಗುಡಿಸುತ್ತಿದ್ದ ಬೊಮ್ಮಿ, ಇಲಾಖೆಯ ದಿನಗೂಲಿ,
'ಚಪ್ಪಲಿ ಅಲ್ಲೇ ಬಿಡಿ' ಎಂದಳು.
ರಾಣಿಯ ಗೋರಿ ಎಲ್ಲಿ, ಅಂದೆ.
'ಅವಳು ಇಲ್ಲಿಲ್ಲ. ಹಿಡಿದುಕೊಂಡು ಹೋದರಂತೆ,
ಘಟ್ಟದ ಮೇಲೆ ಯಾವುದೋ ಸೆರೆಯಲ್ಲಿ ತೀರಿದಳಂತೆ.
ಇಲ್ಲಿರೋದು ಬೇರೆಯವಳು.'

ಹಿಂದುಗಡೆ, ರೆಂಜೆ ಮರದ ಬುಡದಲ್ಲಿ,
ಸೊಂಟದೆತ್ತರದ ಕಲ್ಲು. ಮೇಲೆ ಜಿನ,
ಕೆಳಗೆ ಕಾಲು ಮಡಿಸಿ ಕೂತ ಹೆಂಗಸು,
ಅಕ್ಷರವೆಲ್ಲ ಮಳೆ ತಿಂದಿದೆ.
ಮೊಳ ಹಾಕಿದೆ, ಅಭ್ಯಾಸ. ಎರಡು, ಚೂರು ಕಡಿಮೆ.
'ಎಷ್ಟು ಆಳಕ್ಕೆ ಹೂತಿದ್ದಾರೆ?'
ಬೊಮ್ಮಿ ಹಿಡಿಸೂಡಿ ಹಿಡಿದೇ ನಕ್ಕಳು:
'ಹೂಳಲಿಲ್ಲ ಮಾರಾಯ್ರೆ, ಸುಟ್ಟರು. ಅಡಿಯಲ್ಲಿ ಏನೂ ಇಲ್ಲ.'
ಮತ್ತೆ ಈ ಕಲ್ಲು?
'ನಿಮ್ಮಂಥವರು ಬಂದು ಕೇಳಲಿಕ್ಕೆ.'

ಆಮೇಲೆ ಅವಳೇ ಹೇಳಿದಳು,
ಶಾಲೆ ಮಕ್ಕಳಿಗೆ ಮೇಷ್ಟ್ರು ಹೇಳುವಾಗ ಕೇಳಿಸಿಕೊಂಡದ್ದು:
ಅರಸಿ ಊಟ ಬಿಟ್ಟಳಂತೆ.
ಒಂದೇ ದಿನಕ್ಕಲ್ಲ. ಮೊದಲು ಅನ್ನ,
ಆಮೇಲೆ ಹಾಲು, ಆಮೇಲೆ ಮಜ್ಜಿಗೆ, ಬಿಸಿನೀರು,
ಕಡೆಗೆ ಅದನ್ನೂ. ಸುತ್ತ ಕೂತವರು
ಯಾರೂ ತಿನ್ನು ಎನ್ನಲಿಲ್ಲವಂತೆ.

ಕೊನ್ಸೆಸಾಂವ,
ಎರಡು ವರ್ಷದ ಹಿಂದೆ ಗರಿಗಳ ಭಾನುವಾರ
ಗಂಜಿಯ ಬಟ್ಟಲನ್ನು ಬೆರಳಲ್ಲಿ ಹಿಂದೆ ದೂಡಿದಳು.
ಮಾರನೆ ದಿನ ಅರ್ಧ ಚಮಚ. ಅದರ ಮಾರನೆ ದಿನ
ತುಟಿ ಒದ್ದೆಯಾಗುವಷ್ಟು.
ನಾನು ಬೈದೆ.
ಬಂಗುಡೆ ಸಾರು ಮಾಡಿಸಿದ್ದು ಯಾರಿಗೆ ಎಂದು
ನೆರೆಮನೆಗೆ ಕೇಳುವ ಹಾಗೆ ಬೈದೆ.
ಈಸ್ಟರ್ ಕಳೆದ ಮಂಗಳವಾರ, ಏಳನೆ ಸಾಲಿನಲ್ಲಿ
ನಾನೇ ತೋಡಿದೆ, ಬೇರೆಯವರಿಗೆ ಬಿಡಲಿಲ್ಲ.
ಅಂಚು ನೂಲು ಹಿಡಿದಂತೆ ಬಂತು.

ನಮ್ಮಲ್ಲಿ ಜಾಗ ಕಡಿಮೆ. ಐದು ವರ್ಷಕ್ಕೆ
ಆ ಗುಂಡಿಯನ್ನು ಮತ್ತೊಬ್ಬರಿಗೆ ತೆರೆಯಬೇಕು,
ಎಲುಬು ಬಾವಿಗೆ. ತೆರೆಯುವವನೂ ನಾನೇ.
ಎರಡು ಕಳೆದವು, ಮೂರು ಬಾಕಿ.

ಕಲ್ಲಿನ ಪಕ್ಕದ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿತ್ತು.
ಒಂದು ಕಾಳು ಹಲ್ಲಲ್ಲಿ ಒಡೆದೆ.
ದೋಣಿ ಹತ್ತುವ ವರೆಗೂ ಖಾರ ಇಳಿಯಲಿಲ್ಲ.
ಕೂತಲ್ಲೇ ದೋಣಿಯವನನ್ನು ಕಣ್ಣಲ್ಲಿ ಅಳೆದೆ:
ಐದೂಕಾಲು ಅಡಿ. ಭುಜ ಅಗಲ.

'ನೋಡಿದೆಯಾ?' ಎಂದರು ಪಾದ್ರಿ.
ನೋಡಿದೆ ಫಾದರ್. ಅಡಿಯಲ್ಲಿ ಯಾರೂ ಇಲ್ಲ.
ಚಪ್ಪಲಿ ಮಾತ್ರ ಬಿಡಬೇಕಾಯಿತು.

ಸಂಜೆ ಏಳನೆ ಸಾಲಿಗೆ ಹೋದೆ, ಪಿಕಾಸಿ ಇಲ್ಲದೆ.
ಚಪ್ಪಲಿ ಬಿಟ್ಟೆ.
ಅವಳ ಮೇಲೆ ಬೆಳೆದ ಮುಟ್ಟಿದರೆ ಮುನಿ
ಮುಚ್ಚಿಕೊಳ್ಳುವ ಮೊದಲು
ಚುಚ್ಚಿತು.